ಕೊಂಕಣ ಸುತ್ತಿಯೇ ಮೈಲಾರ ಸೇರಬೇಕಾದ ಆಟ

ಪರದೆಯ ಒಂದು ಬದಿಯಲ್ಲಿ ಚೆಂಡು, ಇನ್ನೊಂದು ಬದಿಯಲ್ಲಿ ಬುಟ್ಟಿ. ಚೆಂಡು ಬುಟ್ಟಿಗೆ ಬೀಳಬೇಕು, ಕೆಲಸ ಇಷ್ಟೇ. ಕೈಯಿಂದ ಎತ್ತಿ ಹಾಕುವಂತಿದ್ದರೆ ಒಂದು ಕ್ಷಣವೂ ಬೇಡ. ಆದರೆ ಎತ್ತಿ ಹಾಕಲು ಈ ಆಟದಲ್ಲಿ ಕೈಯೇ ಇಲ್ಲ. ಇರುವುದು ಒಂದು ಭಾರದ ಬೌಲಿಂಗ್ ಚೆಂಡು, ಒಂದು ಸೀಸಾ ಹಲಗೆ, ಹಗ್ಗ, ರಾಟೆ, ಒಂದೆರಡು ಬೆಲ್ಟು, ಸೈಕಲ್ ಏರಿ ಕೂತ ಒಂದು ಕೋತಿ. ಬೌಲಿಂಗ್ ಚೆಂಡು ಬಿದ್ದು ಸೀಸಾದ ಒಂದು ತುದಿಯನ್ನು ಕೆಳಗೆ ಒತ್ತಬೇಕು. ಆ ತುದಿಗೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದುಹೋಗಿ ಕೋತಿಯ ಮುಂದಿನ ತೆರೆಯನ್ನು ಎಳೆಯಬೇಕು. ತೆರೆ ಸರಿದು ಬಾಳೆಹಣ್ಣು ಕಂಡೊಡನೆ ಕೋತಿ ಪೆಡಲು ತುಳಿಯಲು ತೊಡಗುತ್ತದೆ. ಸೈಕಲ್ಲಿನ ಚಕ್ರಕ್ಕೆ ಹಾಕಿದ ಬೆಲ್ಟು ಸಾಗಣೆಪಟ್ಟಿಯನ್ನು ಓಡಿಸುತ್ತದೆ. ಪಟ್ಟಿಯ ಮೇಲೆ ಕೂತಿದ್ದ ಚೆಂಡು ಅಂಚಿನವರೆಗೆ ಸಾಗಿ, ಕೊನೆಗೆ ಬುಟ್ಟಿಗೆ ಬೀಳುತ್ತದೆ.

ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಎಂದು ನಾವು ಯಾರನ್ನಾದರೂ ಆಕ್ಷೇಪಿಸುವುದುಂಟು. ಇಲ್ಲಿ ಆ ಸುತ್ತುದಾರಿಯೊಂದೇ ದಾರಿ. ಅದನ್ನು ಕಟ್ಟುವುದೇ ಆಟ.

ಮೇಲೆ ಹೇಳಿದ ಸಾಮಾನುಗಳೆಲ್ಲ ‘ದಿ ಇನ್‌ಕ್ರೆಡಿಬಲ್ ಮಷೀನ್’ ಎಂಬ ಕಂಪ್ಯೂಟರ್ ಆಟದವು. ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್ ಎಂಬ ಊರಿನಲ್ಲಿದ್ದ ಡೈನಾಮಿಕ್ಸ್ ಕಂಪನಿಯ ಜೆಫ್ ಟನೆಲ್ ಮತ್ತು ಕೆವಿನ್ ರಯನ್ ಇದರ ಹಿಂದಿನವರು. ಸಿಯೆರಾ ಆನ್‌ಲೈನ್ ಕಂಪನಿ ಇದನ್ನು 1993ರಲ್ಲಿ ಮಾರುಕಟ್ಟೆಗೆ ತಂದಿತು. ಪ್ರೋಗ್ರಾಂ ಬರೆದ ರಯನ್ ಅದಕ್ಕೆ ಸುಮಾರು ಒಂಬತ್ತು ತಿಂಗಳು ತೆಗೆದುಕೊಂಡರು. ಅವರೊಂದಿಗೆ ಆದ ಒಪ್ಪಂದದ ಮೊತ್ತ 36,000 ಡಾಲರು. ಅದೇ 1993ರ ಡಿಸೆಂಬರಿನಲ್ಲಿ ‘ಡೂಮ್’ ಬಂತು, ಬಂದೂಕು ಹಿಡಿದು ಕತ್ತಲ ಓಣಿಗಳಲ್ಲಿ ಓಡುವ ಆಟಗಳ ಯುಗ ತೆರೆದುಕೊಂಡಿತು. ಆ ಗದ್ದಲದ ನಡುವೆ ಬೋನಿನೊಳಗಿನ ಇಲಿ, ತಿದಿ, ಭೂತಗನ್ನಡಿ, ಮೇಣದಬತ್ತಿಗಳನ್ನು ಜೋಡಿಸಿಕೊಂಡು ಕೂರುವ ಈ ಆಟವೂ ತನ್ನ ಜನರನ್ನು ಕಂಡುಕೊಂಡಿತು, ಮುಂದಿನ ಭಾಗಗಳನ್ನೂ ಪಡೆಯಿತು. ನಮ್ಮಲ್ಲಿ ಮನೆಗೆ ಕಂಪ್ಯೂಟರ್ ತಂದುಕೊಂಡ ಮೊದಲ ತಲೆಮಾರಿನವರಲ್ಲಿ ಕೆಲವರಿಗಾದರೂ ಆ ಸೈಕಲ್ ಕೋತಿ ನೆನಪಿರಬಹುದು.

ಆಡುವ ಕ್ರಮ ಸರಳ. ಪ್ರತಿ ಒಗಟಿಗೂ ಒಂದು ಗುರಿ ಇರುತ್ತದೆ. ಕೆಲವು ವಸ್ತುಗಳು ಮೊದಲೇ ಪರದೆಯ ಮೇಲೆ ಕೂತಿರುತ್ತವೆ, ಅವನ್ನು ಅಲುಗಾಡಿಸುವಂತಿಲ್ಲ. ಪಕ್ಕದ ಪೆಟ್ಟಿಗೆಯಲ್ಲಿ ನಮ್ಮ ಪಾಲಿನ ಬಿಡಿಭಾಗಗಳಿರುತ್ತವೆ. ಅವನ್ನು ಎಲ್ಲಿ ಬೇಕಾದರೂ ಇಟ್ಟು, ಹಗ್ಗ ಕಟ್ಟಿ, ಬೆಲ್ಟು ತೊಡಿಸಿ, ಕೊನೆಗೆ ಯಂತ್ರವನ್ನು ಚಾಲೂ ಮಾಡುತ್ತೇವೆ. ಚಾಲೂ ಆದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಚೆಂಡುಗಳು ಉರುಳುತ್ತವೆ, ಹಗ್ಗ ಬಿಗಿಯುತ್ತದೆ, ಬೋನಿಗೆ ಏನೋ ತಗುಲಿ ಬೆದರಿದ ಇಲಿ ಚಕ್ರ ತಿರುಗಿಸುತ್ತದೆ, ಟಾರ್ಚಿನ ಬೆಳಕು ಭೂತಗನ್ನಡಿಯ ಮೂಲಕ ಹಾದು ಬತ್ತಿ ಹೊತ್ತಿಸುತ್ತದೆ. ಎಲ್ಲೋ ಒಂದು ಕಡೆ ಸರಪಳಿ ತುಂಡಾಗುತ್ತದೆ. ನಿಲ್ಲಿಸಿದರೆ ಎಲ್ಲವೂ ಮರಳಿ ಮೊದಲಿನ ಜಾಗಕ್ಕೆ ಬಂದು ಕೂರುತ್ತವೆ. ಒಂದನ್ನು ತುಸು ಸರಿಸಿ ಮತ್ತೆ ಚಾಲೂ.

ಈ ‘ಮತ್ತೆ ಚಾಲೂ’ ಎಂಬಲ್ಲಿಯೇ ಆಟದ ಅತ್ಯಂತ ದೊಡ್ಡ ಗುಣ ಅಡಗಿದೆ. ಇದರ ಯಂತ್ರಲೋಕದಲ್ಲಿ ಆಕಸ್ಮಿಕಕ್ಕೆ ಜಾಗವಿಲ್ಲ. ಬಹಳಷ್ಟು ಆಟಗಳು ಒಳಗೊಳಗೇ ದಾಳ ಹಾಕುತ್ತಿರುತ್ತವೆ: ಶತ್ರು ಎಡಕ್ಕೆ ತಿರುಗಬೇಕೋ ಬಲಕ್ಕೋ, ಪೆಟ್ಟು ತಗಲಬೇಕೋ ತಪ್ಪಬೇಕೋ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳು ನಿರ್ಧರಿಸುತ್ತವೆ. ‘ಇನ್‌ಕ್ರೆಡಿಬಲ್ ಮಷೀನ್’ ತನ್ನ ಚಲನೆಯ ಲೆಕ್ಕದಲ್ಲಿ ಅಂಥ ಸಂಖ್ಯೆಗಳನ್ನು ಬಳಸುವುದೇ ಇಲ್ಲ. ರಯನ್ ಲೆಕ್ಕಗಳನ್ನೆಲ್ಲ ಪೂರ್ಣಾಂಕಗಳಲ್ಲೇ ಮಾಡಿದರು. ಆ ಕಾಲದ ಮನೆಗಣಕಗಳಲ್ಲಿ ಅನೇಕಕ್ಕೆ ದಶಮಾಂಶದ ಲೆಕ್ಕ ಬೇಗ ಮಾಡುವ ಪ್ರತ್ಯೇಕ ಚಿಪ್ ಇರಲಿಲ್ಲ. ಪೂರ್ಣಾಂಕವಾದರೆ ವೇಗವೂ ಸಿಗುತ್ತದೆ, ಯಾವ ಯಂತ್ರದಲ್ಲಿ ಮಾಡಿದರೂ ಉತ್ತರ ಒಂದೇ ಬರುತ್ತದೆ. ದಶಮಾಂಶದ ಕೊನೆಯ ಅಂಕಿಯನ್ನು ಒಂದು ಗಣಕ ಮೇಲಕ್ಕೂ ಇನ್ನೊಂದು ಕೆಳಕ್ಕೂ ಸರಿಹೊಂದಿಸಿದರೆ, ಇಪ್ಪತ್ತು ಡಿಕ್ಕಿಗಳಾದ ಮೇಲೆ ಚೆಂಡು ಒಂದರಲ್ಲಿ ಬುಟ್ಟಿಗೂ ಇನ್ನೊಂದರಲ್ಲಿ ನೆಲಕ್ಕೂ ಬೀಳಬಹುದು. ಇಲ್ಲಿ ಹಾಗಾಗುವುದಿಲ್ಲ. ನೀವು ಜೋಡಿಸಿದ ಯಂತ್ರ ಇವತ್ತು ಹೇಗೆ ನಡೆಯಿತೋ ನಾಳೆಯೂ ಹಾಗೆಯೇ ನಡೆಯುತ್ತದೆ, ಗೆಳೆಯನ ಮನೆಯಲ್ಲೂ ಹಾಗೆಯೇ.

ಇದರ ಫಲ ಏನೆಂದರೆ, ಸೋತಾಗ ದೂರಲು ಅದೃಷ್ಟವಿಲ್ಲ. ಸೀಸಾವನ್ನು ಒಂದು ಕೂದಲೆಳೆ ಎಡಕ್ಕೆ ಇಟ್ಟಿದ್ದೇವೆ, ಆದ್ದರಿಂದ ಹಗ್ಗ ಸಾಕಷ್ಟು ಎಳೆದಿಲ್ಲ. ಕಾರಣ ಕಣ್ಣೆದುರಿಗೇ ಇದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ. ಚೆನ್ನಾಗಿ ಆಡುವವರನ್ನು ಗಮನಿಸಿ: ಅವರು ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತಾರೆ. ರಾಟೆಯನ್ನೂ ಬೆಲ್ಟನ್ನೂ ಚೆಂಡನ್ನೂ ಒಟ್ಟಿಗೆ ಸರಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದು ಹೇಗೆ? ಪ್ರಯೋಗಶಾಲೆಯ ಮೊದಲ ಪಾಠ ಇದು. ನಮ್ಮ ಎಷ್ಟೋ ಶಾಲೆಗಳಲ್ಲಿ ಪ್ರಯೋಗವೆಂದರೆ ದಾಖಲೆ ಪುಸ್ತಕದಲ್ಲಿ ‘ಉದ್ದೇಶ, ಸಲಕರಣೆ, ವಿಧಾನ’ ಎಂದು ನಕಲು ಮಾಡುವುದಾಗಿ ಉಳಿದಿದೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಲ್ಲಿ ಕಾರಣ ಹುಡುಕುವ ಅಗತ್ಯವೇ ಮಗುವಿಗೆ ಬರುವುದಿಲ್ಲ. ಮೂವತ್ತು ವರ್ಷ ಹಳೆಯ ಒಂದು ಆಟ ಈ ವಿಷಯದಲ್ಲಿ ನಮ್ಮ ಅನೇಕ ಪ್ರಯೋಗ ತರಗತಿಗಳಿಗಿಂತ ಮುಂದಿದೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇನ್ನೊಂದು ಅಭ್ಯಾಸವೂ ತಾನಾಗಿಯೇ ಬರುತ್ತದೆ: ಕೊನೆಯಿಂದ ಹಿಂದಕ್ಕೆ ಯೋಚಿಸುವುದು. ಹೊಸಬರು ಮೊದಲು ಬೀಳುವ ಚೆಂಡಿನಿಂದ ಶುರು ಮಾಡುತ್ತಾರೆ, ಅದು ಎಲ್ಲಿಗೆ ಹೋಗುತ್ತದೋ ನೋಡೋಣ ಎಂದು. ನಾಲ್ಕು ಹೆಜ್ಜೆಯಲ್ಲಿ ದಾರಿ ತಪ್ಪುತ್ತದೆ. ಪಳಗಿದವರು ಬುಟ್ಟಿಯಿಂದ ಶುರು ಮಾಡುತ್ತಾರೆ. ಚೆಂಡು ಬುಟ್ಟಿಗೆ ಬೀಳಬೇಕಾದರೆ ಅದನ್ನು ಅಂಚಿನವರೆಗೆ ಯಾವುದು ತರಬೇಕು? ಸಾಗಣೆಪಟ್ಟಿ. ಪಟ್ಟಿ ಓಡಲು ಏನು ಬೇಕು? ತಿರುಗುವ ಚಕ್ರ. ಚಕ್ರ ತಿರುಗಿಸಲು ಯಾರಿದ್ದಾರೆ? ಇಲಿ ಅಥವಾ ಕೋತಿ. ಇಲಿ ತುಸು ಹೊತ್ತು ಓಡಿ ನಿಂತುಬಿಡುತ್ತದೆ, ಪಟ್ಟಿ ಉದ್ದವಿದ್ದರೆ ಸಾಲದು. ಹಾಗಾದರೆ ಕೋತಿಯೇ ಸೈ. ಹೀಗೆ ಗುರಿಯಿಂದ ಆರಂಭಕ್ಕೆ ನಡೆಯುವ ವಿಧಾನವನ್ನು ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ‘ಹೌ ಟು ಸಾಲ್ವ್ ಇಟ್’ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಆ ಪುಸ್ತಕ ಓದದ ಹತ್ತು ವರ್ಷದ ಮಗು ಅದೇ ವಿಧಾನವನ್ನು ಕೋತಿ ಮತ್ತು ಬಾಳೆಹಣ್ಣಿನ ನೆರವಿನಿಂದ ಕಂಡುಕೊಳ್ಳುತ್ತದೆ.

ಗುರಿ ಮುಟ್ಟಿತೇ ಎಂಬುದೊಂದನ್ನೇ ಆಟ ನೋಡುತ್ತದೆ. ಯಾವ ದಾರಿಯಲ್ಲಿ ಮುಟ್ಟಿತು ಎಂದು ಕೇಳುವುದಿಲ್ಲ. ಒಗಟು ಕಟ್ಟಿದವರ ಮನಸ್ಸಿನಲ್ಲಿ ಒಂದು ಪರಿಹಾರ ಇದ್ದಿರಬಹುದು. ನೀವು ಅದನ್ನು ಬಿಟ್ಟು, ಟ್ರಾಂಪೊಲಿನ್ ಮೇಲೆ ಚೆಂಡನ್ನು ಕುಣಿಸಿ, ಕೊಟ್ಟ ಅರ್ಧ ಸಾಮಾನನ್ನು ಮುಟ್ಟದೆಯೇ ಗೆಲ್ಲಬಹುದು. ಬೇಕಿಲ್ಲದ ಭಾಗಗಳನ್ನೂ ಸೇರಿಸಿಕೊಂಡು, ಎಲ್ಲಕ್ಕೂ ಒಂದೊಂದು ಕೆಲಸ ಹಚ್ಚಿ, ಪರದೆ ತುಂಬ ಜಾತ್ರೆ ಎಬ್ಬಿಸಿಯೂ ಗೆಲ್ಲಬಹುದು. ಎರಡೂ ಸರಿ. ಪರೀಕ್ಷೆಯಲ್ಲಿ ಲೆಕ್ಕವನ್ನು ಪುಸ್ತಕದ ಕ್ರಮದಲ್ಲೇ ಬಿಡಿಸದಿದ್ದರೆ ಅಂಕ ಕಳೆಯುವ ವ್ಯವಸ್ಥೆಯಲ್ಲಿ ಬೆಳೆದ ನಮಗೆ ಇದು ದೊಡ್ಡ ಬಿಡುಗಡೆ. ಗುರಿಯೇ ಇಲ್ಲದೆ ಮನಬಂದಂತೆ ಯಂತ್ರ ಕಟ್ಟುವ ಅವಕಾಶವೂ ಮೊದಲ ಭಾಗದಲ್ಲೇ ಇತ್ತು. 1994ರ ಎರಡನೇ ಭಾಗದಲ್ಲಿ ಸ್ವಂತ ಒಗಟನ್ನೇ ರಚಿಸಿ ಇನ್ನೊಬ್ಬರಿಗೆ ಕೊಡುವ ಸೌಲಭ್ಯ ಬಂತು. ಒಗಟು ಬಿಡಿಸುವುದಕ್ಕಿಂತ ಒಗಟು ಹೆಣೆಯುವುದು ಕಷ್ಟ ಎಂಬ ಸತ್ಯ ಆಗ ಆಟಗಾರರಿಗೆ ಗೊತ್ತಾಯಿತು.

ಈ ಸುತ್ತುಬಳಸಿನ ಯಂತ್ರಗಳ ಕಲ್ಪನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಅದರ ದೊಡ್ಡ ಹೆಸರು ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್. 1883ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಇವರು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, 1904ರಲ್ಲಿ ಪದವಿ ಪಡೆದು, ಊರಿನ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು ಪತ್ರಿಕೆಯಲ್ಲಿ ಕ್ರೀಡಾ ಚಿತ್ರಗಳನ್ನು ಬರೆಯಲು ಹೋದರು. ಎಂಜಿನಿಯರಿಂಗ್ ಮಾತ್ರ ಅವರ ಕೈಬಿಡಲಿಲ್ಲ. ಪ್ರೊಫೆಸರ್ ಲೂಸಿಫರ್ ಗೋರ್ಗೊನ್‌ಜೋಲಾ ಬಟ್ಸ್ ಎಂಬ ಪಾತ್ರವನ್ನು ಸೃಷ್ಟಿಸಿ, ಅವನ ಹೆಸರಿನಲ್ಲಿ ಒಂದಾದಮೇಲೊಂದು ಯಂತ್ರಗಳನ್ನು ಚಿತ್ರಿಸಿದರು. 1931ರಲ್ಲಿ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಬಂದ, ತನ್ನಷ್ಟಕ್ಕೆ ಬಾಯಿ ಒರೆಸುವ ಕೈವಸ್ತ್ರದ ಯಂತ್ರ ಇವತ್ತಿಗೂ ಪ್ರಸಿದ್ಧ. ಸೂಪಿನ ಚಮಚ ಬಾಯಿಗೆ ಏರಿದಾಗ ಒಂದು ದಾರ ಎಳೆಯುತ್ತದೆ. ಅದರಿಂದ ಬಿಸ್ಕತ್ತಿನ ಚೂರು ಚಿಮ್ಮುತ್ತದೆ. ಅದನ್ನು ಹಿಡಿಯಲು ಗಿಳಿ ಹಾರುತ್ತದೆ. ಗಿಳಿ ಕೂತಿದ್ದ ಕೋಲು ವಾಲಿ ಕಾಳುಗಳು ಬಕೀಟಿಗೆ ಸುರಿಯುತ್ತವೆ. ಬಕೀಟಿನ ಭಾರಕ್ಕೆ ಸಿಗಾರ್ ಲೈಟರ್ ಹೊತ್ತಿ ಬಾಣಬಿರುಸು ಹಾರುತ್ತದೆ. ಅದಕ್ಕೆ ಕಟ್ಟಿದ ಕುಡುಗೋಲು ದಾರ ಕತ್ತರಿಸಿದಾಗ, ಕೈವಸ್ತ್ರ ಕಟ್ಟಿದ ಲೋಲಕ ಅತ್ತಿತ್ತ ತೂಗಿ ಗಲ್ಲ ಒರೆಸುತ್ತದೆ. ಅಮೆರಿಕದ ಅಂಚೆ ಇಲಾಖೆ 1995ರಲ್ಲಿ ಈ ಚಿತ್ರವನ್ನು ಅಂಚೆಚೀಟಿಯಾಗಿ ಹೊರತಂದಿತು. ಅಂದಹಾಗೆ, ಗೋಲ್ಡ್‌ಬರ್ಗ್‌ಗೆ 1948ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದದ್ದು ಯಂತ್ರಗಳ ಚಿತ್ರಕ್ಕಲ್ಲ, ಅಣುಬಾಂಬಿನ ಕುರಿತ ಒಂದು ರಾಜಕೀಯ ವ್ಯಂಗ್ಯಚಿತ್ರಕ್ಕೆ. ಇಂಗ್ಲೆಂಡಿನಲ್ಲಿ ಇದೇ ಬಗೆಯ ಯಂತ್ರಗಳನ್ನು ತಮ್ಮದೇ ಶೈಲಿಯಲ್ಲಿ ಬರೆದವರು ವಿಲಿಯಂ ಹೀತ್ ರಾಬಿನ್‌ಸನ್.

ಕಾಗದದ ಮೇಲಿನ ಯಂತ್ರಕ್ಕೆ ಒಂದು ದೊಡ್ಡ ಅನುಕೂಲವಿದೆ: ಅದು ಕೆಡುವುದಿಲ್ಲ. ಗಿಳಿ ಹಾರಲೇಬೇಕೆಂದು ಚಿತ್ರಕಾರ ಹೇಳಿದರೆ ಹಾರುತ್ತದೆ. ಅದಕ್ಕೆ ಹಸಿವಿತ್ತೇ, ಬಿಸ್ಕತ್ತು ಅದರ ಕಣ್ಣಿಗೆ ಬಿತ್ತೇ ಎಂದು ಯಾರೂ ಕೇಳುವುದಿಲ್ಲ. ಎ, ಬಿ, ಸಿ ಎಂದು ಗುರುತು ಹಾಕಿದ ಭಾಗಗಳ ಮೇಲೆ ಓದುಗನ ಕಣ್ಣು ಸಾಗಿದಂತೆ ಯಂತ್ರವೂ ನಡೆಯುತ್ತದೆ. ಅದನ್ನು ನಡೆಸುವ ಶಕ್ತಿ ಓದುಗನ ನಂಬಿಕೆಯೇ. 1963ರಲ್ಲಿ ಐಡಿಯಲ್ ಎಂಬ ಆಟಿಕೆ ಕಂಪನಿ ತಂದ ‘ಮೌಸ್ ಟ್ರ್ಯಾಪ್’ ಆಟದಲ್ಲಿ ಈ ಚಿತ್ರಗಳು ಮಕ್ಕಳ ಕೈಗೆ ಪ್ಲಾಸ್ಟಿಕ್ಕಿನಲ್ಲಿ ಸಿಕ್ಕಿದಂತಾಯಿತು. ಹಿಡಿಕೆ ತಿರುಗಿಸಿದರೆ ಬೂಟು ಬಕೀಟನ್ನು ಒದ್ದು, ಗೋಲಿ ಮೆಟ್ಟಿಲಿಳಿದು, ಕೊನೆಗೆ ಇಲಿಯ ಮೇಲೆ ಪಂಜರ ಬೀಳಬೇಕು. ಆದರೆ ಅದರ ಯಂತ್ರ ಒಂದೇ, ಜೋಡಿಸುವ ಕ್ರಮವೂ ಒಂದೇ. ಮೂವತ್ತು ವರ್ಷಗಳ ನಂತರ ಬಂದ ಕಂಪ್ಯೂಟರ್ ಆಟ ಮಾಡಿದ ಕೆಲಸ, ಗೋಲ್ಡ್‌ಬರ್ಗ್‌ನ ಪೆನ್ನನ್ನು ಓದುಗನ ಕೈಗೆ ಕೊಟ್ಟು, ಪ್ರತಿ ಕೊಂಡಿಯನ್ನೂ ಗುರುತ್ವದ ಮುಂದೆ ಪರೀಕ್ಷೆಗೆ ನಿಲ್ಲಿಸಿದ್ದು. ಗಾಳಿಯ ಒತ್ತಡವನ್ನೂ ಗುರುತ್ವವನ್ನೂ ಹೆಚ್ಚುಕಡಿಮೆ ಮಾಡುವ ಏರ್ಪಾಡು ಕೂಡ ಅದರಲ್ಲಿತ್ತು. ಗಾಳಿ ದಟ್ಟವಾದರೆ ಬಲೂನು ಹೇಗೆ ಏರುತ್ತದೆ, ಗುರುತ್ವ ಇಳಿದರೆ ಚೆಂಡು ಎಷ್ಟು ದೂರ ಹಾರುತ್ತದೆ ಎಂಬುದನ್ನು ಮಕ್ಕಳು ಸೂತ್ರವಿಲ್ಲದೆ ಕಣ್ಣಾರೆ ಕಂಡರು.

ಇನ್ನು ಇದೇ ಯಂತ್ರವನ್ನು ಪರದೆಯಿಂದ ಇಳಿಸಿ ನೆಲದ ಮೇಲೆ ನಿಜವಾಗಿ ಕಟ್ಟಿದರೆ? ಇಲ್ಲಿ ವಿಷಯ ನನಗೆ ಎಲ್ಲಕ್ಕಿಂತ ರುಚಿಕರವಾಗುತ್ತದೆ. ಕಾಗದದ ಮೇಲೆ ಯಂತ್ರ ಮೊದಲ ಸಲವೇ ನಡೆಯುತ್ತದೆ. ಪರದೆಯ ಮೇಲೆ ಪ್ರತಿ ಸಲವೂ ಒಂದೇ ರೀತಿ ನಡೆಯುತ್ತದೆ. ನೆಲದ ಮೇಲೆ ಎರಡು ಸಲ ಒಂದೇ ರೀತಿ ನಡೆಯುವುದಿಲ್ಲ. ಗೋಲಿಯ ಮೇಲೆ ಕೂತ ಧೂಳು, ಮಧ್ಯಾಹ್ನದ ಬಿಸಿಗೆ ಸಡಿಲಾದ ಅಂಟು, ಬಾಗಿಲು ತೆರೆದಾಗ ನುಗ್ಗಿದ ಗಾಳಿ, ಹಿಂದಿನ ಸಲದ ಪೆಟ್ಟಿಗೆ ಒಂದಿಷ್ಟು ವಾಲಿದ ಹಲಗೆ, ಎಲ್ಲವೂ ಆಟಕ್ಕೆ ಇಳಿಯುತ್ತವೆ.

ಅಮೆರಿಕದ ‘ಓಕೆ ಗೋ’ ಎಂಬ ಸಂಗೀತ ತಂಡ 2010ರಲ್ಲಿ ‘ದಿಸ್ ಟೂ ಶಲ್ ಪಾಸ್’ ಎಂಬ ಹಾಡಿಗಾಗಿ ಲಾಸ್ ಏಂಜಲೀಸ್‌ನ ಒಂದು ಗೋದಾಮಿನ ಎರಡು ಮಹಡಿಗಳ ತುಂಬ ಇಂಥ ಯಂತ್ರ ಕಟ್ಟಿಸಿತು. ಕಟ್ಟಿದವರು ಸಿನ್ ಲ್ಯಾಬ್ಸ್ ಎಂಬ ಎಂಜಿನಿಯರುಗಳ ಕೂಟ. ಸಣ್ಣ ಡಾಮಿನೋ ಕಾಯಿಗಳಿಂದ ಶುರುವಾಗಿ, ಟಿವಿ ಒಡೆದು, ಪಿಯಾನೋ ಬಿದ್ದು, ಕೊನೆಗೆ ತಂಡದವರ ಮೈಮೇಲೆಲ್ಲ ಬಣ್ಣ ಸಿಡಿಯುವವರೆಗೆ, ಹಾಡಿನ ತಾಳಕ್ಕೆ ತಕ್ಕಂತೆ ಅದು ಸಾಗುತ್ತದೆ. ಕೂಟದ ಆಡಂ ಸಡೌಸ್ಕಿ ಟೆಡ್ ವೇದಿಕೆಯಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಯಂತ್ರದಲ್ಲಿ 89 ಕೊಂಡಿಗಳು, ಚಿತ್ರೀಕರಣಕ್ಕೆ 85 ಪ್ರಯತ್ನಗಳು, ಅವುಗಳಲ್ಲಿ ಕೊನೆಯವರೆಗೆ ಓಡಿದ್ದು 3.

ಮೂರೇ ಎಂದು ಕೇಳಿದಾಗ ಯಂತ್ರ ಕಳಪೆ ಎನ್ನಿಸಬಹುದು. ಗುಣಾಕಾರ ಮಾಡಿ ನೋಡಿದರೆ ಚಿತ್ರವೇ ಬದಲಾಗುತ್ತದೆ. ಸರಪಳಿಯ ಪ್ರತಿ ಕೊಂಡಿಯೂ ನೂರಕ್ಕೆ 99 ಸಲ ಸರಿಯಾಗಿ ಕೆಲಸ ಮಾಡುತ್ತದೆ ಎನ್ನೋಣ. ಅಂಥ ನೂರು ಕೊಂಡಿಗಳನ್ನು ಒಂದರ ಹಿಂದೊಂದು ಕಟ್ಟಿದರೆ ಇಡೀ ಯಂತ್ರ ಕೊನೆ ಮುಟ್ಟುವ ಸಂಭವ ನೂರಕ್ಕೆ ಸುಮಾರು 37 ಮಾತ್ರ. ಕೊಂಡಿಗಳು ನೂರಕ್ಕೆ 95 ಸಲ ಕೆಲಸ ಮಾಡುವಂಥವಾದರೆ ಇಪ್ಪತ್ತೇ ಕೊಂಡಿಗಳಿಗೆ ಸಂಭವ 36ಕ್ಕೆ ಇಳಿಯುತ್ತದೆ. ಏಕೆಂದರೆ ಇಲ್ಲಿ ಸಂಭವಗಳು ಕೂಡುವುದಿಲ್ಲ, ಒಂದನ್ನೊಂದು ಗುಣಿಸುತ್ತ ಕುಗ್ಗುತ್ತವೆ. ಇದೇ ಲೆಕ್ಕವನ್ನು ಓಕೆ ಗೋ ಯಂತ್ರಕ್ಕೆ ಹಚ್ಚಿದರೆ, 89 ಕೊಂಡಿಗಳಿದ್ದೂ 85ರಲ್ಲಿ 3 ಸಲ ಗೆಲ್ಲಬೇಕಾದರೆ ಪ್ರತಿ ಕೊಂಡಿ ಸರಾಸರಿ ನೂರಕ್ಕೆ 96 ಸಲ ಸರಿಯಾಗಿ ನಡೆದಿರಬೇಕು. ಸೋತಂತೆ ಕಾಣುವ ಆ 82 ಪ್ರಯತ್ನಗಳ ಹಿಂದೆ ಬಹಳ ಒಳ್ಳೆಯ ಕೆಲಸಗಾರಿಕೆ ಇತ್ತು.

ಆ ಎಂಜಿನಿಯರುಗಳು ಇದನ್ನು ಬಲ್ಲವರಾದ್ದರಿಂದಲೇ ಸಣ್ಣ, ಸೂಕ್ಷ್ಮವಾದ ಭಾಗಗಳನ್ನೆಲ್ಲ ಯಂತ್ರದ ಆರಂಭದಲ್ಲಿಟ್ಟರು. ಚಿಕ್ಕ ವಸ್ತುಗಳು ಹೆಚ್ಚು ಕೈಕೊಡುತ್ತವೆ. ಕೈಕೊಡುವುದಿದ್ದರೆ ಮೊದಲ ನಿಮಿಷದಲ್ಲೇ ಕೊಡಲಿ, ಆಗ ನಾಲ್ಕು ಡಾಮಿನೋ ಎತ್ತಿ ನಿಲ್ಲಿಸಿದರೆ ಮುಗಿಯಿತು. ಪಿಯಾನೋ ಬಿದ್ದ ಮೇಲೆ ಒಂದು ಗೋಲಿ ದಾರಿ ತಪ್ಪಿದರೆ ಇನ್ನೊಂದು ಪಿಯಾನೋ ತರಬೇಕು. ಸೋಲುವ ಸಂಭವ ಹೆಚ್ಚಿರುವುದನ್ನು ಸೋಲು ಅಗ್ಗವಾಗಿರುವ ಜಾಗದಲ್ಲಿಡುವ ಈ ಜಾಣ್ಮೆ ಸೇತುವೆ ಕಟ್ಟುವವರಿಗೂ ಬೇಕು, ಸಾಫ್ಟ್‌ವೇರ್ ಬರೆಯುವವರಿಗೂ ಬೇಕು. ಪರದೆಯ ಆಟದಲ್ಲಿ ಇದನ್ನು ಕಲಿಯಲಾಗದು, ಅಲ್ಲಿ ಎಲ್ಲ ಸೋಲಿಗೂ ಬೆಲೆ ಒಂದೇ.

ಸ್ವಿಟ್ಜರ್ಲೆಂಡಿನ ಕಲಾವಿದರಾದ ಪೀಟರ್ ಫಿಶ್ಲಿ ಮತ್ತು ಡೇವಿಡ್ ವೈಸ್ 1987ರಲ್ಲಿ ಮಾಡಿದ ‘ಡೆರ್ ಲೌಫ್ ಡೆರ್ ಡಿಂಗೆ’ ಎಂಬ ಚಿತ್ರ ಈ ಜಾತಿಯಲ್ಲಿ ನನಗೆ ಅತ್ಯಂತ ಪ್ರಿಯವಾದುದು. ಸುಮಾರು ಅರ್ಧ ಗಂಟೆ ಕಾಲ ಹಳೆಯ ಟೈರು, ಏಣಿ, ಕಸದ ಚೀಲ, ಕೆಟಲ್, ಉರಿಯುವ ದ್ರವ, ನೊರೆ ಇವೇ ಒಂದನ್ನೊಂದು ಎಬ್ಬಿಸುತ್ತ ಹೋಗುತ್ತವೆ. ಇಡೀ ಚಿತ್ರದಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ಒಂದು ಟೈರು ಇಳಿಜಾರಿನಲ್ಲಿ ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ನಿಧಾನವಾಗಿ ಮಿಸುಕುತ್ತದೆ. ನೋಡುವವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಇಂಗ್ಲೆಂಡಿನ ಟಿವಿಗಾಗಿ 2003ರಲ್ಲಿ ಹೋಂಡಾ ಕಂಪನಿ ಮಾಡಿಸಿದ ‘ಕಾಗ್’ ಎಂಬ ಎರಡು ನಿಮಿಷದ ಜಾಹೀರಾತು ಒಂದು ಕಾರಿನ ಬಿಡಿಭಾಗಗಳಿಂದಲೇ ಇಂಥದ್ದೊಂದು ಸರಪಳಿ ಕಟ್ಟಿತು. ಅದರಲ್ಲಿ ಟೈರುಗಳು ಇಳಿಜಾರನ್ನು ಹತ್ತಿ ಹೋಗುವಂತೆ ಕಾಣುತ್ತದೆ. ಒಳಗೆ ಒಂದು ಪಕ್ಕಕ್ಕೆ ಭಾರ ಕಟ್ಟಿದ್ದರಿಂದ, ಆ ಭಾರ ಕೆಳಗಿಳಿಯುವಾಗ ಟೈರು ಮೇಲಕ್ಕೆ ಉರುಳುತ್ತದೆ. ಭೌತಶಾಸ್ತ್ರದ ಗುರುತ್ವಕೇಂದ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಂಥ ಯಂತ್ರಗಳಿಗೆ ಸ್ಪರ್ಧೆಯೂ ಇದೆ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1949ರಿಂದ 1955ರವರೆಗೆ ಎರಡು ಎಂಜಿನಿಯರಿಂಗ್ ವಿದ್ಯಾರ್ಥಿ ಬಳಗಗಳ ನಡುವೆ ನಡೆದು ನಿಂತುಹೋಗಿದ್ದ ಗೋಲ್ಡ್‌ಬರ್ಗ್ ಯಂತ್ರ ಸ್ಪರ್ಧೆಗೆ 1983ರಲ್ಲಿ ಮತ್ತೆ ಜೀವ ಬಂತು, 1988ರಲ್ಲಿ ಅದು ರಾಷ್ಟ್ರಮಟ್ಟಕ್ಕೆ ಬೆಳೆಯಿತು. ಕೊಡುವ ಕೆಲಸ ತೀರಾ ಸಣ್ಣದು: ಗಿಡಕ್ಕೆ ನೀರು ಹಾಕುವುದು, ಬಲೂನು ಊದಿ ಒಡೆಯುವುದು. ಅದನ್ನು ಸುತ್ತುಬಳಸಿ, ಹಲವು ಹಂತಗಳಲ್ಲಿ ಮಾಡಬೇಕು. 2012ರಲ್ಲಿ ಪರ್ಡ್ಯೂ ತಂಡವೊಂದು ಬಲೂನು ಊದಿ ಒಡೆಯಲು 300 ಹಂತಗಳ ಯಂತ್ರ ಕಟ್ಟಿ ಗಿನ್ನೆಸ್ ದಾಖಲೆ ಬರೆಯಿತು. ಮೇಲಿನ ಲೆಕ್ಕವನ್ನೇ ಇಲ್ಲೂ ಹಾಕಿ: ನೂರಕ್ಕೆ 99 ಸಲ ನಡೆಯುವ ಕೊಂಡಿಗಳಾದರೂ 300 ಸೇರಿದರೆ ಯಶಸ್ಸಿನ ಸಂಭವ ನೂರಕ್ಕೆ 5ರಷ್ಟೇ. ಆ ವಿದ್ಯಾರ್ಥಿಗಳು ಪ್ರತಿ ಕೊಂಡಿಯನ್ನೂ ಅದಕ್ಕಿಂತ ಎಷ್ಟು ಗಟ್ಟಿ ಮಾಡಿರಬೇಕು ಎಂದು ಊಹಿಸಿಕೊಳ್ಳಬಹುದು.

ಇತ್ತೀಚಿನ ಮಾತಿಗೆ ಬಂದರೆ, ನಿಂಟೆಂಡೋ ಕಂಪನಿ 2023ರ ಮೇ 12ರಂದು ಬಿಡುಗಡೆ ಮಾಡಿದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಈ ಪರಂಪರೆಯನ್ನು ಕೋಟ್ಯಂತರ ಆಟಗಾರರಿಗೆ ತಲುಪಿಸಿತು. ಮೊದಲ ಮೂರು ದಿನಗಳಲ್ಲೇ ಅದು 1 ಕೋಟಿ ಪ್ರತಿ ಮಾರಾಟವಾಯಿತು. ಹಲಗೆ, ಚಕ್ರ, ಫ್ಯಾನು, ರಾಕೆಟ್ಟುಗಳನ್ನು ಒಂದಕ್ಕೊಂದು ಅಂಟಿಸುವ ಶಕ್ತಿ ಅದರಲ್ಲಿ ಆಟಗಾರನಿಗಿದೆ. ಕಂದಕ ದಾಟಲು ಆಟದವರು ಒಂದು ಜಾಣ ಉಪಾಯ ಹುದುಗಿಸಿಟ್ಟಿದ್ದರೆ, ಆಟಗಾರರು ಸಿಕ್ಕ ಹಲಗೆಗಳನ್ನೆಲ್ಲ ಸಾಲಾಗಿ ಅಂಟಿಸಿ ವಿಪರೀತ ಉದ್ದದ ಸೇತುವೆ ಮಾಡಿ ದಾಟಿಬಿಟ್ಟರು. ಆಟ ಅದನ್ನೂ ಒಪ್ಪಿತು. ಹಾಗೆ ಒಪ್ಪುವಂತೆ ಮಾಡುವುದು ಸುಲಭವಲ್ಲ. ಬಾಗಿಲಿನಂಥ ವಸ್ತುಗಳು ಮೊದಲೇ ಬರೆದಿಟ್ಟಂತೆ ಚಲಿಸಿದರೆ, ನಡುವೆ ಆಟಗಾರ ಹಲಗೆ ತೂರಿಸಿದೊಡನೆ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಅಂಥವನ್ನೂ ಭಾರ, ಬಲಗಳ ನಿಯಮಕ್ಕೆ ಒಳಪಡಿಸಿದೆವು ಎಂದು ಅದರ ತಂತ್ರಜ್ಞರು 2024ರಲ್ಲಿ ಆಟ ರಚಿಸುವವರ ಸಮ್ಮೇಳನವೊಂದರಲ್ಲಿ ವಿವರಿಸಿದರು. ಆಟಗಾರ ಏನು ಮಾಡಬಹುದೆಂದು ಪಟ್ಟಿ ಮಾಡುವ ಬದಲು ಲೋಕದ ನಿಯಮಗಳನ್ನು ಬಿಗಿಯಾಗಿಟ್ಟು ಉಳಿದದ್ದನ್ನು ಆಟಗಾರನಿಗೆ ಬಿಟ್ಟರು. 1993ರ ಆಟ ತನ್ನ ಪುಟ್ಟ ಪರದೆಯಲ್ಲಿ ಮಾಡಿದ್ದೂ ಅದನ್ನೇ. ಟನೆಲ್ ಮತ್ತು ರಯನ್ ಕೂಡ ಸುಮ್ಮನಿರಲಿಲ್ಲ, 2014ರಲ್ಲಿ ‘ಕಾಂಟ್ರಾಪ್ಶನ್ ಮೇಕರ್’ ಎಂಬ ಆಟವನ್ನು ಹೊರತಂದರು.

ಇಷ್ಟೆಲ್ಲ ಶ್ರಮ ಪಟ್ಟು ಸಿಗುವುದೇನು, ಚೆಂಡು ಬುಟ್ಟಿಗೆ ಬಿತ್ತು ತಾನೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇದು. ನಮ್ಮ ಮಕ್ಕಳ ಸುತ್ತಲಿನ ವಸ್ತುಗಳೆಲ್ಲ ಈಗ ಮುಚ್ಚಿದ ಪೆಟ್ಟಿಗೆಗಳಾಗಿವೆ. ಗುಂಡಿ ಒತ್ತಿದರೆ ದೀಪ, ಬೆರಳು ತಾಗಿಸಿದರೆ ಊಟ ಬಾಗಿಲಿಗೆ. ನಡುವೆ ಏನು ನಡೆಯಿತು ಎಂಬುದು ಕಾಣುವುದೇ ಇಲ್ಲ. ಬಾವಿಯ ರಾಟೆ, ಏತ, ಕಮ್ಮಾರನ ತಿದಿ, ಗಾಣ ಇವೆಲ್ಲ ಕಣ್ಣೆದುರಿಗೇ ಇದ್ದ ಕಾಲದಲ್ಲಿ ಒಂದು ಚಲನೆ ಇನ್ನೊಂದಾಗುವುದನ್ನು ಮಗು ನೋಡುತ್ತಲೇ ಬೆಳೆಯುತ್ತಿತ್ತು. ಆ ದಿನಗಳು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆ ನೋಟ ಮರಳಿ ಬರಬೇಕು, ಅದಕ್ಕೆ ಇಂಥ ಯಂತ್ರಗಳು ಅತ್ಯಂತ ಅಗ್ಗದ ದಾರಿ.

ಕರ್ನಾಟಕದ ಎಷ್ಟೋ ಪ್ರೌಢಶಾಲೆಗಳಲ್ಲಿ ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿವೆ. ಅಲ್ಲಿನ 3ಡಿ ಪ್ರಿಂಟರು, ಸೆನ್ಸರುಗಳ ಜೊತೆಗೆ ತಿಂಗಳಿಗೊಂದು ದಿನ ಇದಕ್ಕೂ ಮೀಸಲಿಡಿ ಎಂದು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಪ್ರಯೋಗಾಲಯವಿಲ್ಲದ ಶಾಲೆಗೂ ಮನೆಗೂ ಇದು ಸಾಧ್ಯ. ಗೋಲಿ, ದಾರ, ಕೇರಂ ಕಾಯಿ, ರಟ್ಟಿನ ಕೊಳವೆ, ಖಾಲಿ ಬಾಟಲಿ, ಹಳೆಯ ನೋಟ್‌ಬುಕ್ಕು, ಬಟ್ಟೆ ಕ್ಲಿಪ್ಪು ಸಾಕು. ಕೆಲಸ ಚಿಕ್ಕದಿರಲಿ: ಗಂಟೆ ಬಾರಿಸುವುದು, ಲೋಟಕ್ಕೆ ಸಕ್ಕರೆ ಬೀಳಿಸುವುದು. ಕೊಂಡಿಗಳು ಮೊದಲು ಐದೇ ಇರಲಿ. ಕೊನೆಯ ಕೊಂಡಿಯನ್ನು ಮೊದಲು ಕಟ್ಟಲಿ, ಹತ್ತು ಸಲ ಓಡಿಸಿ ಎಷ್ಟು ಸಲ ನಡೆಯಿತೆಂದು ಬರೆದುಕೊಳ್ಳಲಿ, ಆಮೇಲೆ ಅದರ ಹಿಂದಿನದಕ್ಕೆ ಹೋಗಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಲಿ. ಬೆಂಕಿ, ಗಾಜು, ಮನೆಯ ವಿದ್ಯುತ್ತು ಬೇಡ. ಅಂಕವನ್ನು ಗಂಟೆ ಬಾರಿಸಿತೇ ಎಂಬುದಕ್ಕೆ ಕೊಡಬೇಡಿ, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಬರೆದ ಟಿಪ್ಪಣಿಗೆ ಕೊಡಿ. ದೊಡ್ಡವರಲ್ಲಿ ಒಂದೇ ವಿನಂತಿ: ಗೋಲಿ ದಾರಿ ತಪ್ಪಿದಾಗ ಕೈ ಹಾಕಿ ಸರಿಮಾಡಬೇಡಿ, ಪಕ್ಕದಲ್ಲಿ ಕೂತು ನೋಡಿ.